ಸಾಲಿ ಯಾರ್ದು?

ಕಳೆದ ಮಳೆಗಾಲದಲ್ಲಿ ಒಂದು ದಿನ ಅಥಣಿಯಿಂದ ನಮ್ಮ ಕಾಕಾನ ಮಗಳು ಫೋನ್ ಮಾಡಿದಳು. ಬಿ.ಎ., ಬಿ.ಇಡಿ. ಮುಗಿಸಿ ಮೂರು ವರ್ಷ ಊರಿನ ಒಂದು ಖಾಸಗಿ ಸಾಲಿಯಲ್ಲಿ ಇಂಗ್ಲಿಷ್ ಕಲಿಸಿದವಳು. ಆನ್‌ಲೈನ್‌ನಲ್ಲಿ ಟೆಫಲ್ ಸರ್ಟಿಫಿಕೇಟೂ ಮಾಡಿಕೊಂಡಿದ್ದಾಳೆ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸಬೇಕು ಅನ್ನೋದು ಅವಳ ಆಸೆ.

"ಅಣ್ಣಾ, ಮೂರು ಕಡಿಂದ ಆಫರ್ ಬಂದಾವ. ರವಿವಾರದೊಳಗ ಹೇಳಬೇಕಂತ. ಯಾವ್ದಕ್ಕ ಹೂಂ ಅನ್ಲಿ?"

ಒಂದು ವಿಯೆಟ್ನಾಮಿನದು. ದೊಡ್ಡ ನಗರದ ಖಾಸಗಿ ಭಾಷಾ ಕೇಂದ್ರ, ಸಂಜೆ ಮತ್ತು ಶನಿವಾರ–ಭಾನುವಾರ ಪಾಠ, ಪಗಾರ ಎಲ್ಲಕ್ಕಿಂತ ಜಾಸ್ತಿ. ಇನ್ನೊಂದು ಥಾಯ್ಲೆಂಡಿನದು. ರಾಜಧಾನಿಯಿಂದ ದೂರದ ಒಂದು ಜಿಲ್ಲಾ ಊರಿನ ಸರ್ಕಾರಿ ಶಾಲೆ, ಪಗಾರ ಎಲ್ಲಕ್ಕಿಂತ ಕಡಿಮೆ. ಮೂರನೆಯದು ಒಮಾನಿನಲ್ಲಿ ಅಲ್ಲಿನ ಭಾರತೀಯರೇ ನಡೆಸುವ ಸಿಬಿಎಸ್‌ಇ ಶಾಲೆ. ಇರೋಕೆ ರೂಮು ಕೊಡ್ತಾರೆ, ಸುತ್ತಮುತ್ತ ನಮ್ಮವರೇ.

ನಾನು ಬೆಂಗಳೂರಿನವರು ಮಾಡೋದನ್ನೇ ಮಾಡಿದೆ. ಎಕ್ಸೆಲ್ ಶೀಟ್ ತೆಗೆದೆ. ಪಗಾರ, ಬಾಡಿಗೆ, ವಿಮಾನದ ಟಿಕೆಟ್, ತಿಂಗಳಿಗೆ ಎಷ್ಟು ಉಳಿಯುತ್ತೆ, ಎಲ್ಲಾ ಕಾಲಮ್ಮು ಹಾಕಿ ಕೂಡಿಸಿದೆ. ವಿಯೆಟ್ನಾಂ ಗೆದ್ದಿತು. ಅದನ್ನೇ ಹೇಳೋಣ ಅಂತ ಮರುದಿನ ಫೋನ್ ಮಾಡಿದರೆ ಎತ್ತಿದವರು ಅಜ್ಜ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಹುಡುಗ ವಯಸ್ಸಿಗೇ ಕನ್ನಡ ಸಾಲಿ ಮಾಸ್ತರಾದವರು. ನನ್ನ ಲೆಕ್ಕವೆಲ್ಲ ಕೇಳಿ ಆದಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅದೆಲ್ಲಾ ಇರ್ಲಿ. ಸಾಲಿ ಯಾರ್ದು? ಸರಕಾರದ್ದೋ, ಮಿಶನ್ನಿಂದೋ, ಸೊಸೈಟಿದೋ?"

ನಾನು ನಕ್ಕುಬಿಟ್ಟೆ. ಅಜ್ಜ ಇನ್ನೂ ಮುಂಬಯಿ ಇಲಾಖೆಯಲ್ಲೇ ಇದಾರೆ ಅನ್ನಿಸ್ತು. ಆದರೆ ರಾತ್ರಿ ಮಲಗಿದಾಗ ಆ ಪ್ರಶ್ನೆ ಬಿಡಲಿಲ್ಲ. ನಮ್ಮ ಕಡೆ ಇಂಗ್ಲಿಷ್ ಬಂದದ್ದೂ ಹೀಗೇ ಅಲ್ವಾ? ಎಲ್ಲಿಂದಲೋ ಬಂದ ಮಾಸ್ತರರು, ಯಾರೋ ಕಟ್ಟಿದ ಸಾಲಿ, ಯಾವುದೋ ಉದ್ದೇಶ. ಇವತ್ತು ನಮ್ಮ ಹುಡುಗಿ ಹೊರದೇಶಕ್ಕೆ ಇಂಗ್ಲಿಷ್ ಕಲಿಸೋಕೆ ಹೊರಟಿದ್ದಾಳೆ. ಇನ್ನೂರು ವರ್ಷದ ಹಿಂದೆ ಹೊರದೇಶವೇ ನಮ್ಮಲ್ಲಿಗೆ ಇಂಗ್ಲಿಷ್ ಕಲಿಸೋಕೆ ಬಂದಿತ್ತು. ಆಗ ಬಂದವರಲ್ಲಿ ಯಾರು ಎಂಥ ಸಾಲಿಯಲ್ಲಿ ನಿಂತರು, ಏನಾದರು ಅಂತ ನೋಡಿದರೆ ಇವತ್ತಿನ ಆಫರ್ ಲೆಟರ್ ಓದೋಕೆ ಸ್ವಲ್ಪ ಬೆಳಕು ಸಿಗಬಹುದು.

ಮೊದಲು ಊರಿನ ಹಿನ್ನೆಲೆ. ಅಥಣಿಗೆ ಹೊರಗಿನವರು ಹೊಸಬರಲ್ಲ. 17ನೇ ಶತಮಾನದ ಯುರೋಪಿನ ಬರಹಗಳಲ್ಲೇ ವಿಜಯಪುರ ಮತ್ತು ಗೋವೆಯ ನಡುವಿನ ದೊಡ್ಡ ಪೇಟೆ ಅಂತ ಇದರ ಹೆಸರು ಬರುತ್ತದೆ. ಬೆಳಗಾವಿ ಸೀಮೆ 1818ರಲ್ಲಿ ಕಂಪನಿ ಸರ್ಕಾರದ ಕೈಗೆ ಹೋದರೂ ಅಥಣಿ ನಿಪ್ಪಾಣಿ ಸಂಸ್ಥಾನದ ಜೊತೆ ಉಳಿದಿತ್ತು. 1839ರಲ್ಲಿ ನಿಪ್ಪಾಣಿಯ ಜೊತೆಗೇ ಬ್ರಿಟಿಷರಿಗೆ ಸೇರಿತು. ಮನೆಯಲ್ಲಿ ಕನ್ನಡ, ಪೇಟೆ ಮತ್ತು ಕಚೇರಿಯಲ್ಲಿ ಮರಾಠಿ. ಇಂಗ್ಲಿಷ್ ಬಂದದ್ದು ಇವೆರಡರ ಮೇಲೆ ಮೂರನೆಯದಾಗಿ. ಕನ್ನಡದ ಹುಡುಗ ಇಂಗ್ಲಿಷ್ ಮುಟ್ಟಬೇಕಾದರೆ ಮೊದಲು ಮರಾಠಿಯ ಹೊಳೆ ದಾಟಬೇಕಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಬಂದದ್ದು ಮಿಶನ್ ಸಾಲಿ. ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಶುರುಮಾಡಿದರು. ಕೆಲವು ವರ್ಷಗಳ ನಂತರ ವಿಲಿಯಂ ಬೆನನ್ ಬಂದು ಸೇರಿಕೊಂಡರು. 1830ರ ದಶಕದಲ್ಲಿ ಅವರ ಇಂಗ್ಲಿಷ್ ಸಾಲಿ ನಡೆಯತೊಡಗಿತು. ಇವತ್ತಿಗೂ ಬೆಳಗಾವಿಯಲ್ಲಿ ಬೆನನ್ ಸ್ಮಿತ್ ಹೈಸ್ಕೂಲು ಅಂದರೆ ಆಟೋದವರು ಕರೆದುಕೊಂಡು ಹೋಗ್ತಾರೆ. 1904ರಲ್ಲಿ ಬೆಳಗಾವಿಯ ಈ ಮಿಶನ್ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಸಾಲಿ ಅದೇ, ಮಾಲೀಕರು ಬೇರೆ.

ಇತ್ತ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಇಲ್ಲೊಂದು ಮಜಾ ಇದೆ. ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಬಂದವರಲ್ಲಿ ಹೆಚ್ಚಿನವರು ಜರ್ಮನರು, ಸ್ವಿಸ್ಸರು. ಅಂದ್ರೆ ನಮ್ಮ ಹುಡುಗರಿಗೆ ಎಬಿಸಿಡಿ ಹೇಳಿಕೊಟ್ಟ ಎಷ್ಟೋ ಜನರಿಗೆ ಇಂಗ್ಲಿಷ್ ತಾಯಿಭಾಷೆಯೇ ಅಲ್ಲ, ಅವರೂ ಕಲಿತೇ ಬಂದವರು. "ನೇಟಿವ್ ಸ್ಪೀಕರ್ ಮಾತ್ರ ಬೇಕು" ಅಂತ ಇವತ್ತು ಜಾಹೀರಾತು ಹಾಕುವ ಭಾಷಾ ಕೇಂದ್ರಗಳಿಗೆ ಅರ್ಜಿ ಹಾಕಿದ್ದರೆ ಹರ್ಮನ್ ಮೋಗ್ಲಿಂಗ್ ಮೊದಲ ಸುತ್ತಿನಲ್ಲೇ ಔಟ್. ಅದೇ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು. ಬಂದ ಉದ್ದೇಶ ಒಂದು, ಮಾಡಿದ ಕೆಲಸ ಇನ್ನೊಂದು.

ಆದರೆ ಉದ್ದೇಶ ಅಂತ ಒಂದಿತ್ತು, ಅದನ್ನ ಮರೆಯುವಂತಿಲ್ಲ. ಮಿಶನ್ ಸಾಲಿಗೆ ಇಂಗ್ಲಿಷ್ ಬೇಕಾಗಿದ್ದು ಹುಡುಗರನ್ನು ಒಳಗೆ ಕರೆಯೋಕೆ. ಇಂಗ್ಲಿಷಿಗಾಗಿ ಬಂದವರು ಬೈಬಲ್ಲನ್ನೂ ಕೇಳಲಿ ಅನ್ನೋದು ಲೆಕ್ಕ. 1844ರ ಜನವರಿಯಲ್ಲಿ ಮಂಗಳೂರಿನ ಮಿಶನ್ ಇಂಗ್ಲಿಷ್ ಸಾಲಿಯಲ್ಲಿ ಓದಿದ್ದ ಮೂವರು ಸಾರಸ್ವತ ತರುಣರು ಕ್ರೈಸ್ತರಾದಾಗ ಊರೇ ಕದಡಿಹೋಯಿತು. ಅವರಲ್ಲಿ ಒಬ್ಬರಾದ ಆನಂದರಾವ್ ಕೌಂಡಿನ್ಯ ಮೋಗ್ಲಿಂಗರ ಜೊತೆ ಬಾಸೆಲ್ಲಿಗೇ ಹೋಗಿ ಓದಿ ಬಂದರು. ಅವರ ನಂಬಿಕೆ ಅವರದು, ಅದರ ಬಗ್ಗೆ ನಾನು ತೀರ್ಪು ಕೊಡುತ್ತಿಲ್ಲ. ನಾನು ಹೇಳೋದಿಷ್ಟೇ: ಮಗನನ್ನು ಇಂಗ್ಲಿಷ್ ಕಲಿಯಲಿ ಅಂತ ಕಳಿಸಿದ ಅಪ್ಪನಿಗೂ, ಸಾಲಿ ನಡೆಸಿದ ಮಿಶನ್ನಿಗೂ ಇಂಗ್ಲಿಷ್ ಯಾಕೆ ಬೇಕು ಅನ್ನೋದರಲ್ಲಿ ಒಪ್ಪಂದವೇ ಆಗಿರಲಿಲ್ಲ. ನಡುವೆ ನಿಂತವರು ಮಾಸ್ತರರು ಮತ್ತು ಹುಡುಗರು.

ಇನ್ನೊಂದು ಸಂಗತಿ, ಪಾಸ್‌ಪೋರ್ಟಿನದು. 1914ರಲ್ಲಿ ಯುದ್ಧ ಶುರುವಾದಾಗ ವರ್ಷಗಟ್ಟಲೆ ಇಲ್ಲೇ ಇದ್ದ ಜರ್ಮನ್ ಪಾದ್ರಿಗಳು, ಮಾಸ್ತರರು ರಾತ್ರೋರಾತ್ರಿ 'ಶತ್ರು ದೇಶದವರು' ಆಗಿಬಿಟ್ಟರು. ಎಷ್ಟೋ ಜನರನ್ನು ಅಹ್ಮದನಗರದ ಶಿಬಿರದಲ್ಲಿ ಇಟ್ಟು ಆಮೇಲೆ ಹಡಗು ಹತ್ತಿಸಿ ಕಳಿಸಿದರು. ಕನ್ನಡ ಚೆನ್ನಾಗಿ ಬರುತ್ತಿತ್ತು, ಪಾಠವೂ ಚೆನ್ನಾಗಿತ್ತು. ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಹೊರದೇಶದಲ್ಲಿ ಕಲಿಸುವವರ ಕೆಲಸ ಕೊನೆಗೆ ನಿಂತಿರೋದು ಒಂದು ಕಾಗದದ ಮೇಲೆ ಅನ್ನೋದು ಅವತ್ತೂ ನಿಜ, ಇವತ್ತೂ ನಿಜ. ದಕ್ಷಿಣ ಕೊರಿಯಾದಲ್ಲಿ ಭಾಷಾ ಬೋಧಕರಿಗೆ ಕೊಡುವ ಇ-2 ವೀಸಾ ಸಾಮಾನ್ಯವಾಗಿ ಇಂಗ್ಲಿಷ್ ಆಡುವ ಏಳು ದೇಶದವರಿಗೆ ಮೀಸಲು. ಆ ಏಳರಲ್ಲಿ ಭಾರತ ಇಲ್ಲ. ನಿಮ್ಮ ಇಂಗ್ಲಿಷ್ ಹೇಗಿದೆ ಅಂತ ಅಲ್ಲಿ ಮೊದಲು ಯಾರೂ ಕೇಳೋದಿಲ್ಲ.

ಎರಡನೆಯದು ಸರ್ಕಾರದ ಸಾಲಿ. 1835ರಲ್ಲಿ ಮೆಕಾಲೆ ಕಲ್ಕತ್ತೆಯಲ್ಲಿ ಕೂತು ಬರೆದ ಟಿಪ್ಪಣಿ ನಮಗೆಲ್ಲ ಗೊತ್ತು, ವಾಟ್ಸಾಪ್ ಫಾರ್ವರ್ಡುಗಳ ದಯೆಯಿಂದ ಅವರು ಬರೆಯದೇ ಇದ್ದದ್ದೂ ಗೊತ್ತು. ಆದರೆ ಅಥಣಿ ಇದ್ದದ್ದು ಮುಂಬಯಿ ಇಲಾಖೆಯಲ್ಲಿ, ಅಲ್ಲಿನ ಕತೆ ಸ್ವಲ್ಪ ಬೇರೆ. 1840ರಲ್ಲಿ ಅಲ್ಲಿ ಶಿಕ್ಷಣ ಮಂಡಳಿ ಆಯಿತು. ಅದರ ಅಧ್ಯಕ್ಷ ಅರ್ಸ್ಕಿನ್ ಪೆರಿ ಇಂಗ್ಲಿಷಿನ ಕಡೆ. ಜಗನ್ನಾಥ ಶಂಕರಶೇಟ್ ಮತ್ತು ಕರ್ನಲ್ ಜರ್ವಿಸ್ ದೇಶಭಾಷೆಗಳ ಕಡೆ. ಇವತ್ತು ಟಿವಿ ಚರ್ಚೆಯಲ್ಲಿ ಕೇಳುವ ಮಾಧ್ಯಮದ ಜಗಳ 1840ರ ದಶಕದಲ್ಲೇ ಜೋರಾಗಿ ನಡೆದಿತ್ತು. ಕೊನೆಗೆ ಆದದ್ದು ರಾಜಿ. ಕೆಳಗಿನ ಇಯತ್ತೆಗಳು ದೇಶಭಾಷೆಯಲ್ಲಿ, ಮೇಲಿನವು ಇಂಗ್ಲಿಷಿನಲ್ಲಿ. 1848ರಲ್ಲಿ ಧಾರವಾಡದಲ್ಲಿ ಸರ್ಕಾರಿ ಇಂಗ್ಲಿಷ್ ಸಾಲಿ ಬಂತು. ಬೆಳಗಾವಿಯಲ್ಲಿ ಆ ಸೀಮೆಯ ಸರದಾರರು ದೇಣಿಗೆ ಕೊಟ್ಟರು, ಅದಕ್ಕೇ ಆ ಸಾಲಿಗೆ ಸರದಾರ್ಸ್ ಹೈಸ್ಕೂಲು ಅಂತ ಹೆಸರು.

ಆದರೆ ರಾಜಿಯಲ್ಲಿ ಒಂದು ತೂತು ಇತ್ತು. ದೇಶಭಾಷೆ ಅಂದ್ರೆ ಯಾವ ದೇಶದ ಭಾಷೆ? ಬೆಳಗಾವಿ, ಧಾರವಾಡದ ಎಷ್ಟೋ ಸಾಲಿಗಳಲ್ಲಿ ಅದು ಮರಾಠಿ ಆಗಿತ್ತು. ಕನ್ನಡ ಮಾತಾಡುವ ಮಕ್ಕಳು ಗೊತ್ತಿಲ್ಲದ ಒಂದು ಭಾಷೆಯ ಮೂಲಕ ಗೊತ್ತಿಲ್ಲದ ಇನ್ನೊಂದು ಭಾಷೆ ಕಲಿಯಬೇಕು. ಇದನ್ನ ಕಂಡು ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಪುಣೆಯಲ್ಲಿ ಓದಿದವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಧಾರವಾಡದ ಶಿಕ್ಷಕರ ತರಬೇತಿ ಸಾಲಿ ನಡೆಸಿದರು. ಆಮೇಲೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿ ಕನ್ನಡ ಸಾಲಿ ತೆರೆಸಿದರು. ಅವರ ಮೇಲಧಿಕಾರಿ ರಸೆಲ್ ಅವರ ಬೆಂಬಲವೂ ಇತ್ತು. ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕದ ವಸ್ತುವನ್ನು 'ನಗದವರನ್ನು ನಗಿಸುವ ಕಥೆ' ಅಂತ 1871ರಲ್ಲಿ ಕನ್ನಡಕ್ಕೆ ತಂದವರೂ ಅವರೇ. 1881ರಲ್ಲಿ ತೀರಿಕೊಂಡರು.

ನೋಡಿ, ಇವರು ದಂಗೆ ಎದ್ದವರಲ್ಲ, ಸರ್ಕಾರದ ಪಗಾರದ ಮೇಲೇ ಇದ್ದವರು. ಸರ್ಕಾರದ ವ್ಯವಸ್ಥೆ ನಿಧಾನ, ರೂಲ್ಸು ಜಾಸ್ತಿ, ವರ್ಗಾವಣೆ ಬೇರೆ. ಆದರೆ ಅದರೊಳಗೆ ಸರಿಯಾದ ಜಾಗದಲ್ಲಿ ಸರಿಯಾದ ಮನುಷ್ಯ ಕೂತರೆ ಒಂದು ಸಾಲಿಯಲ್ಲಿ ಆಗುವ ಬದಲಾವಣೆ ನೂರಾರು ಸಾಲಿಗಳಲ್ಲಿ ಆಗುತ್ತದೆ. ಖಾಸಗಿ ಸಾಲಿಯ ಎಷ್ಟೇ ಒಳ್ಳೆಯ ಮಾಸ್ತರಿಗೂ ಅದು ಸಿಗೋದು ಕಷ್ಟ. ನಮ್ಮ ಅಜ್ಜ ಕನ್ನಡ ಸಾಲಿಯಲ್ಲಿ ಕಲಿತು ಕನ್ನಡ ಸಾಲಿಯಲ್ಲೇ ಮಾಸ್ತರಾಗೋಕೆ ಆದದ್ದು ಆ ಹಳೆಯ ಓಡಾಟದ ಫಲ ಅಂತ ನನಗೆ ಈ ವಿಷಯ ಓದುವಾಗಲೇ ಹೊಳೆದದ್ದು.

ಮೂರನೆಯದು ಸೊಸೈಟಿ ಸಾಲಿ. ಇದರ ಮೂಲ ನೋಡಬೇಕಾದರೆ ಗಡಿ ದಾಟಿ ಪುಣೆಗೆ ಹೋಗಬೇಕು. 1880ರಲ್ಲಿ ಅಲ್ಲಿ ಚಿಪಳೂಣಕರ್, ಟಿಳಕ್ ಮೊದಲಾದವರು ಒಂದು ಸಾಲಿ ತೆರೆದರು. ದೇಶಭಕ್ತರ ಸಾಲಿ, ಹೆಸರು ಮಾತ್ರ ನ್ಯೂ ಇಂಗ್ಲಿಷ್ ಸ್ಕೂಲ್! 1884ರಲ್ಲಿ ಅದರ ಹಿಂದೆ ಡೆಕ್ಕನ್ ಎಜುಕೇಶನ್ ಸೊಸೈಟಿ, ಮರುವರ್ಷ ಫರ್ಗ್ಯುಸನ್ ಕಾಲೇಜು. ಅಲ್ಲಿಗೆ ಮಾಸ್ತರನಾಗಿ ಬಂದ ಒಬ್ಬ ಹುಡುಗ ನಮ್ಮ ಪಕ್ಕದವನೇ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋಗುವಾಗ ಸಿಗುತ್ತಲ್ಲ ಕಾಗಲ್, ಅಲ್ಲಿ ಬೆಳೆದವನು, ಗೋಪಾಲಕೃಷ್ಣ ಗೋಖಲೆ. ಆರಂಭದಲ್ಲಿ ಕಲಿಸಿದ್ದು ಇಂಗ್ಲಿಷ್. ಸೊಸೈಟಿಯ ನಿಯಮ ಏನಪ್ಪಾ ಅಂದ್ರೆ, ಆಜೀವ ಸದಸ್ಯನಾಗಬೇಕು, 20 ವರ್ಷ ಅಲ್ಲೇ ದುಡಿಯಬೇಕು, ತಿಂಗಳ ಪಗಾರ 75 ರೂಪಾಯಿ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ 20 ವರ್ಷದ ಬಾಂಡು.

ಈ ಬಾಂಡು ಯಾರನ್ನೂ ಸುಮ್ಮನೆ ಬಿಡಲಿಲ್ಲ. ಪಗಾರ ಹೆಚ್ಚು ಮಾಡಬೇಕಾ, ಸದಸ್ಯರು ಹೊರಗೆ ಬೇರೆ ಕೆಲಸ ಮಾಡಬಹುದಾ ಅನ್ನೋ ಜಗಳ ವರ್ಷಗಟ್ಟಲೆ ನಡೆಯಿತು. ಗೋಖಲೆ ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾಗಲು ಒಪ್ಪಿದ್ದೂ ಅದಕ್ಕೆ ಸೇರಿಕೊಂಡಿತು. 1890ರಲ್ಲಿ ಟಿಳಕರು ರಾಜೀನಾಮೆ ಕೊಟ್ಟು ಹೊರಟರು. ಗೋಖಲೆ ಉಳಿದು 1902ರವರೆಗೆ ಕಲಿಸಿದರು. ಆದರ್ಶದ ಸಾಲಿಯಲ್ಲೂ ಜಗಳ ಬಂದದ್ದು ಒಪ್ಪಂದದ ಎರಡು ಸಾಲಿನ ಮೇಲೆ. 'ಸೇವೆ' ಅನ್ನೋ ಮಾತು ಬಂದಾಗಲೆಲ್ಲ ಕಾಗದ ಎರಡು ಸಲ ಓದಬೇಕು ಅಂತ ನಾನು ಕಲಿತದ್ದು ಇಲ್ಲಿಂದ.

ನಮ್ಮ ಸೀಮೆಗೆ ಈ ಮಾದರಿ ಬಂದದ್ದು 1916ರಲ್ಲಿ. ಅದಕ್ಕೂ ಮೊದಲೇ, 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಶುರುವಾಗಿತ್ತು. ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರ ಮುತುವರ್ಜಿಯಿಂದ ಹಳ್ಳಿಯ ಹುಡುಗರ ಓದಿಗೆ ಹಣ ಸಿಗತೊಡಗಿತ್ತು. ಆ ನೆರವಿನ ಗಾಳಿಯಲ್ಲಿ ಬೆಳೆದ ತಲೆಮಾರೊಂದು ಪುಣೆಯಲ್ಲಿ ಓದಿ, ಪದವಿ ಹಿಡಿದು, ಊರ ಕಡೆ ನೋಡಿತು. ಬೆಳಗಾವಿಯಲ್ಲಿ ಇಂಗ್ಲಿಷ್ ಸಾಲಿಗಳಿದ್ದವು, ಆದರೆ ಕನ್ನಡದ ಹುಡುಗನಿಗೆ ಅವು ಇನ್ನೂ ಪರದೇಶವೇ. 1916ರ ನವೆಂಬರ್ 13ರಂದು ಏಳು ಜನ ಸೇರಿ ಅಲ್ಲಿ ಒಂದು ಆಂಗ್ಲೋ–ವರ್ನಾಕ್ಯುಲರ್ ಸಾಲಿ ತೆರೆದರು. ಅದೇ ಇವತ್ತಿನ ಕೆಎಲ್‌ಇ ಸಂಸ್ಥೆ. ಸಾಲಿಗೆ ಆ ಇಬ್ಬರು ಹಿರಿಯರ ಹೆಸರೇ ಬಂತು, ಗಿಲಗಂಚಿ–ಅರಟಾಳ ಹೈಸ್ಕೂಲು.

ಆ ಏಳು ಜನರಲ್ಲಿ ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ, ಬಿ.ಎಸ್. ಹಂಚಿನಾಳ, ಬಿ.ಬಿ. ಮಮದಾಪೂರ ಓದಿದ ತರುಣರು. ಮನಸ್ಸು ಮಾಡಿದ್ದರೆ ಒಳ್ಳೆಯ ಸರ್ಕಾರಿ ಹುದ್ದೆ ಸಿಗುತ್ತಿತ್ತು. ಅವರು ಆರಿಸಿಕೊಂಡದ್ದು ಇನ್ನೂ ಹುಟ್ಟದ ಸಾಲಿಯ ಮಾಸ್ತರಿಕೆ. ಅಲ್ಲಿ ಇಂಗ್ಲಿಷ್ ಯಾಕೆ ಬೇಕು ಅನ್ನೋದರಲ್ಲಿ ಯಾರಿಗೂ ಗೊಂದಲ ಇರಲಿಲ್ಲ. ನಮ್ಮ ಮಕ್ಕಳು ಮೇಲೆ ಬರಬೇಕು, ಅಷ್ಟೇ. ಮಾಸ್ತರು, ಹುಡುಗ, ಅಪ್ಪ, ಸಂಸ್ಥೆ ನಾಲ್ವರಿಗೂ ಉದ್ದೇಶ ಒಂದೇ ಆಗಿತ್ತು. ಇಂಥ ಸಾಲಿಗೆ ಒಂದು ಮಿತಿಯೂ ಇದೆ, ಅದನ್ನೂ ಹೇಳಬೇಕು. ಒಂದು ಸಮುದಾಯ ಕಟ್ಟಿದ ಮನೆಯಲ್ಲಿ ಆ ಸಮುದಾಯದ ರೀತಿ–ರಿವಾಜು ಇರುತ್ತೆ, ಯಾರು ನಮ್ಮವರು ಅನ್ನೋ ಲೆಕ್ಕ ಇರುತ್ತೆ. ಹೊರಗಿನಿಂದ ಬರುವ ಮಾಸ್ತರಿಗೆ ಅಲ್ಲಿ ಎಷ್ಟು ಜಾಗ ಅನ್ನೋದು ಆಯಾ ಸಂಸ್ಥೆಯ ಮೇಲೆ ನಿಂತಿದ್ದು.

ಕೆಎಲ್‌ಇಯವರು ಆ ಜಾಗ ಕೊಟ್ಟರು. 1933ರಲ್ಲಿ ಅವರು ಲಿಂಗರಾಜ ಕಾಲೇಜು ತೆರೆದಾಗ (ತನ್ನ ಆಸ್ತಿಯನ್ನು ಹುಡುಗರ ಓದಿಗೆ ಬರೆದಿಟ್ಟ ಶಿರಸಂಗಿಯ ಲಿಂಗರಾಜ ದೇಸಾಯಿ ಅವರ ಹೆಸರು ಅದು) ಇಂಗ್ಲಿಷ್ ಕಲಿಸೋಕೆ ದೂರದಿಂದ ಮಾಸ್ತರರು ಬಂದರು. ಅವರಲ್ಲಿ ಒಬ್ಬರು ತಮಿಳುನಾಡಿನ ಸಾತ್ತೂರಿನವರು, ಕೆ.ಆರ್. ಶ್ರೀನಿವಾಸ ಅಯ್ಯಂಗಾರ್. ಅವರು ಇಂಗ್ಲಿಷ್ ಕಲಿಸಿ ಸುಮ್ಮನೆ ಮನೆಗೆ ಹೋಗಲಿಲ್ಲ. ಬಸವನಾಳರ ಜೊತೆ ಕೂತು ಬಸವಣ್ಣನ ವಚನಗಳನ್ನು ಇಂಗ್ಲಿಷಿಗೆ ತಂದರು. 1940ರಲ್ಲಿ 'ಮ್ಯೂಸಿಂಗ್ಸ್ ಆಫ್ ಬಸವ' ಪ್ರಕಟವಾಯಿತು. ಒಬ್ಬರಿಗೆ ವಚನ ಗೊತ್ತು, ಇನ್ನೊಬ್ಬರಿಗೆ ಇಂಗ್ಲಿಷ್ ಗೊತ್ತು, ಕಾಲೇಜು ಇಬ್ಬರನ್ನೂ ಒಂದೇ ಊರಲ್ಲಿ ಕೂರಿಸಿತ್ತು. ಭಾರತೀಯರ ಇಂಗ್ಲಿಷ್ ಬರವಣಿಗೆಗೆ ಮುಂದೆ ದೊಡ್ಡ ಚರಿತ್ರೆ ಬರೆದ ಅಯ್ಯಂಗಾರರು ಇವರೇ.

1950ರ ದಶಕದಲ್ಲಿ ಅದೇ ಕಾಲೇಜಿಗೆ ಮೈಸೂರಿನಿಂದ ಇನ್ನೊಬ್ಬ ಇಂಗ್ಲಿಷ್ ಮಾಸ್ತರು ಬಂದರು, ಎ.ಕೆ. ರಾಮಾನುಜನ್. ಮೈಸೂರಿನ ತಮಿಳು ಮನೆಯ ಹುಡುಗನಿಗೆ ಬೆಳಗಾವಿಯ ಕನ್ನಡವೇ ಅರ್ಧ ಪರದೇಶ. ಅವರು ಮಾಡಿದ್ದೇನು ಗೊತ್ತಾ? ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸಿದರು, ಕ್ಲಾಸು ಬಿಟ್ಟಮೇಲೆ ಆ ಸೀಮೆಯ ಜನರ ಹತ್ತಿರ ಕತೆ, ಗಾದೆ ಕೇಳಿ ಬರೆದುಕೊಂಡರು. ಕಿತ್ತೂರು, ಬೆಳಗಾವಿ ಕಡೆ ಸಿಕ್ಕ ಅಜ್ಜಿಕತೆಗಳು ಅವರ ಜೊತೆ ಷಿಕಾಗೋವರೆಗೂ ಹೋದವು. 1973ರಲ್ಲಿ ವಚನಗಳ ಅನುವಾದ 'ಸ್ಪೀಕಿಂಗ್ ಆಫ್ ಶಿವ' ಬಂತು. ಜಗತ್ತು ಅವರನ್ನ ಓದಿದ್ದು ಅವರು ಕಲಿಸಿದ ಇಂಗ್ಲಿಷಿಗಾಗಿ ಅಷ್ಟೇ ಅಲ್ಲ, ಕಲಿಸಲು ಹೋದ ಕಡೆ ಅವರು ಕಲಿತದ್ದಕ್ಕೂ ಹೌದು. ಗೋಕಾಕ ಹತ್ತಿರದ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರೂ ಲಿಂಗರಾಜ ಕಾಲೇಜಿನಲ್ಲೇ ಓದಿ, ಮುಂದೆ ಅದೇ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಬಂದರು.

ಅಥಣಿ, ಕಾಗವಾಡದವರಿಗೆ ಬೆಳಗಾವಿಗಿಂತ ಹತ್ತಿರ ಮಿರಜ್–ಸಾಂಗ್ಲಿ. ಅಲ್ಲಿ 1919ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿಯವರು ವಿಲಿಂಗ್ಡನ್ ಕಾಲೇಜು ತೆರೆದಿದ್ದರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1938ರಲ್ಲಿ ಮರಳಿದ ವಿ.ಕೃ. ಗೋಕಾಕರು ಅಲ್ಲಿಯೇ ಪ್ರಾಂಶುಪಾಲರಾದರು. ಮರಾಠಿ ನೆಲದ ಆ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸುತ್ತಿದ್ದರು. ಗೋಕಾಕರು ಮುಂದೆ ಗುಜರಾತಿನ ವಿಸ್ನಗರ, ಕೊಲ್ಲಾಪುರ, ಧಾರವಾಡ ಅಂತ ಸುತ್ತಿ, ಹೈದರಾಬಾದಿನಲ್ಲಿ ಇಡೀ ದೇಶದ ಇಂಗ್ಲಿಷ್ ಮಾಸ್ತರರನ್ನ ತಯಾರುಮಾಡುವ ಕೇಂದ್ರ ಸಂಸ್ಥೆಯ ನಿರ್ದೇಶಕರಾದರು. ಅದೇ ಮನುಷ್ಯನ ಹೆಸರಿನ ವರದಿ 1981ರಲ್ಲಿ ಸಾಲಿಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು. ಜೀವಮಾನವಿಡೀ ಇಂಗ್ಲಿಷ್ ಕಲಿಸಿದವರು ಹೀಗೆ ಹೇಳಿದರಲ್ಲ ಅಂತ ಕೆಲವರಿಗೆ ಆಶ್ಚರ್ಯ. ನನಗೆ ಇಲ್ಲ. ಒಂದು ಭಾಷೆಯನ್ನು ಮಗುವಿಗೆ ಯಾವಾಗ, ಯಾಕೆ ಕೊಡಬೇಕು ಅನ್ನೋದು ಅದನ್ನ ಕಲಿಸಿದವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟೆಲ್ಲ ಓದಿದಮೇಲೆ ನನ್ನ ಎಕ್ಸೆಲ್ ಶೀಟ್ ಸ್ವಲ್ಪ ಬಡವಾಗಿ ಕಂಡಿತು. ನನ್ನದೇ ಒಂದು ಹಳೆಯ ಅನುಭವವೂ ನೆನಪಾಯಿತು. ಬೆಂಗಳೂರಿಗೆ ಬಂದ ಹೊಸತರಲ್ಲಿ ಆರು ತಿಂಗಳು ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕಲಿಸಿದ್ದೆ. ಪಗಾರ ಚೆನ್ನಾಗಿತ್ತು. ಆದರೆ ಬ್ಯಾಚಿನಲ್ಲಿ ಯಾರು ಕಲಿತರು ಅಂತ ಯಾರೂ ಕೇಳುತ್ತಿರಲಿಲ್ಲ, ಎಷ್ಟು ಜನ ಮುಂದಿನ ಲೆವೆಲ್ಲಿಗೆ ಫೀಸು ಕಟ್ಟಿದರು ಅಂತ ಕೇಳುತ್ತಿದ್ದರು. ಅಥಣಿ ಅಂತ ಹೇಳಬೇಡ, ಬೆಂಗಳೂರಿನವನೇ ಅನ್ನು ಅಂತ ಮೊದಲ ದಿನವೇ ಹೇಳಿದ್ದರು. ಸಾಲಿ ಯಾರ್ದು, ಅವರಿಗೆ ಇಂಗ್ಲಿಷ್ ಯಾಕೆ ಬೇಕು ಅಂತ ನಾನು ಕೇಳಿರಲಿಲ್ಲ. ಪಗಾರ ಎಷ್ಟು ಅಂತ ಮಾತ್ರ ಕೇಳಿದ್ದೆ.

ಶನಿವಾರ ಬೆಳಿಗ್ಗೆ ತಂಗಿಗೆ ಫೋನ್ ಮಾಡಿ ಹೇಳಿದೆ: ಯಾವುದು ಒಳ್ಳೆಯದು ಅಂತ ನಾನು ಹೇಳಲ್ಲ. ಮೂರೂ ಕಡೆಗೆ ನಾಲ್ಕು ಪ್ರಶ್ನೆ ಬರೆದು ಕಳಿಸು, ಉತ್ತರ ನೋಡಿ ನೀನೇ ತೀರ್ಮಾನ ಮಾಡು.

ಒಂದು, ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಯಾಕೆ ಬೇಕು? ಪರೀಕ್ಷೆಗೋ, ಕೆಲಸಕ್ಕೋ, ಅಪ್ಪ–ಅಮ್ಮನ ಸಮಾಧಾನಕ್ಕೋ? ಸಾಲಿಯ ಉದ್ದೇಶ ಮತ್ತು ಪೋಷಕರ ಉದ್ದೇಶ ಬೇರೆ ಬೇರೆ ಆಗಿದ್ದರೆ ನಡುವೆ ಸಿಕ್ಕಿಕೊಳ್ಳೋದು ಮಾಸ್ತರು, ಮಂಗಳೂರಿನಲ್ಲಿ ಆದ ಹಾಗೆ.

ಎರಡು, ವೀಸಾ ಯಾವುದು, ಯಾರ ಹೆಸರಲ್ಲಿ, ಯಾವಾಗ? "ಈಗ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ" ಅಂದರೆ ಅಲ್ಲಿಗೇ ಫೋನ್ ಇಡು. ಕೆಲಸದ ಪರವಾನಗಿ ಇಲ್ಲದೆ ಕಲಿಸಿ ಸಿಕ್ಕಿಬಿದ್ದರೆ ದಂಡ, ಗಡಿಪಾರು ನಿನಗೆ. ಸಾಲಿ ಇನ್ನೊಬ್ಬರನ್ನ ಹುಡುಕಿಕೊಳ್ಳುತ್ತದೆ. ಒಳ್ಳೆಯ ಸಾಲಿ ಪದವಿಯ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಎಲ್ಲ ನೀನು ಹೊರಡೋ ಮೊದಲೇ ಕೇಳುತ್ತದೆ. ಕಿರಿಕಿರಿ ಅನ್ನಿಸಿದರೂ ಅದು ಒಳ್ಳೆಯ ಲಕ್ಷಣ.

ಮೂರು, ಒಪ್ಪಂದ ಮುರಿದರೆ ಏನು? ಎಷ್ಟು ತಿಂಗಳ ಬಾಂಡು, ವಾರಕ್ಕೆ ಎಷ್ಟು ತಾಸು, ರಜೆಯಲ್ಲಿ ಪಗಾರ ಇದೆಯಾ, ಪಾಸ್‌ಪೋರ್ಟ್ ಯಾರ ಕೈಯಲ್ಲಿ ಇರುತ್ತೆ? ಟಿಳಕ್, ಗೋಖಲೆಯಂಥವರೇ ಇದರ ಮೇಲೆ ಜಗಳಾಡಿದ್ದಾರೆ, ನೀನು ಕೇಳಿದರೆ ನಾಚಿಕೆ ಏನಿಲ್ಲ.

ನಾಲ್ಕು, ಅಲ್ಲಿ ನಿನಗಿಂತ ಮೊದಲು ಕಲಿಸಿದ ಒಬ್ಬರ ಜೊತೆ ಮಾತಾಡಿಸ್ತಾರಾ? ಅವರು ಯಾಕೆ ಬಿಟ್ಟರು? ಅಲ್ಲಿನ ಭಾಷೆ ಕಲಿಯೋಕೆ ನಿನಗೆ ಸಮಯ, ಜನ ಸಿಗ್ತಾರಾ? ರಾಮಾನುಜನ್ ಬೆಳಗಾವಿಯಲ್ಲಿ ಕಿವಿ ಮುಚ್ಚಿಕೊಂಡು ಪಾಠ ಮಾಡಿ ಹೋಗಿದ್ದರೆ ನಮಗೂ ನಷ್ಟ, ಅವರಿಗೂ ನಷ್ಟ.

ಅವಳು ಎಲ್ಲ ಬರೆದುಕೊಂಡಳು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದಳು, "ಅಣ್ಣಾ, ಇಷ್ಟೆಲ್ಲಾ ಕೇಳಿದ್ರ ಆಫರ್ ವಾಪಸ್ ತಗೊಂಡ್ರ?"

ಅವಳ ಭಯ ಸುಳ್ಳಲ್ಲ. ಊರಲ್ಲಿ ಅವಳಿಗೆ ಸಿಗುತ್ತಿದ್ದ ಪಗಾರ ಹೇಳಿದರೆ ನೀವು ನಂಬಲ್ಲ, ನಿಮ್ಮ ತಿಂಗಳ ಸ್ವಿಗ್ಗಿ ಬಿಲ್ಲು ಅದಕ್ಕಿಂತ ಜಾಸ್ತಿ ಇರಬಹುದು. ಕಾಕಾ ಅವಳ ಮದುವೆ ಮಾತು ಶುರುಮಾಡಿದ್ದರು. ಈ ವರ್ಷ ಹೋಗದಿದ್ದರೆ ಬಹುಶಃ ಯಾವತ್ತೂ ಹೋಗಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಬೆಂಗಳೂರಲ್ಲಿ ಕೂತು ಪ್ರಶ್ನೆ ಬರೆದುಕೊಡೋದು ಸುಲಭ. ಉತ್ತರ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಫೋನು ಅಜ್ಜನ ಕೈಗೆ ಹೋಯಿತು.

"ಕೇಳಿದ್ದಕ್ಕ ಸಿಟ್ಟಾಗೋ ಸಾಲ್ಯಾಗ ನೀ ಏನ್ ಕಲಸ್ತೀಯವಾ?" ಅಂದರು, ನನಗಲ್ಲ, ಅವಳಿಗೆ.

ಅವಳು ಮೂರೂ ಕಡೆಗೆ ಬರೆದಳು. ವಿಯೆಟ್ನಾಮಿನ ಕೇಂದ್ರದಿಂದ ಬಣ್ಣದ ಬ್ರೋಷರ್ ಬಂತು, ಪ್ರಶ್ನೆಗೆ ಉತ್ತರ ಬರಲಿಲ್ಲ. ಒಮಾನಿನ ಶಾಲೆಯವರು ವೀಸಾ, ಪಗಾರ ಎಲ್ಲ ಸ್ಪಷ್ಟವಾಗಿ ಬರೆದರು. ಭಾಷೆಯ ಬಗ್ಗೆ ಮಾತ್ರ, ಇಲ್ಲಿ ಎಲ್ಲ ನಮ್ಮವರೇ, ಬೇರೆ ಭಾಷೆ ಬೇಕಾಗೋದೇ ಇಲ್ಲ ಅಂದರು. ಒಳ್ಳೆಯ ಜನ, ಅದರಲ್ಲಿ ಅನುಮಾನ ಇಲ್ಲ. ಥಾಯ್ಲೆಂಡಿನ ಸಾಲಿಯಿಂದ ಅಲ್ಲಿನ ಇಂಗ್ಲಿಷ್ ವಿಭಾಗದ ಅಕ್ಕೋರೊಬ್ಬರು ತಾವೇ ಒಡೆದ ಇಂಗ್ಲಿಷಿನಲ್ಲಿ ಉದ್ದ ಪತ್ರ ಬರೆದಿದ್ದರು. ಪಗಾರ ಹೆಚ್ಚು ಮಾಡೋಕಾಗಲ್ಲ, ಬೋಧಕರ ಪರವಾನಗಿಯ ಕಾಗದಪತ್ರಕ್ಕೆ ತಿಂಗಳುಗಳೇ ಹಿಡಿಯುತ್ತೆ, ನಮ್ಮ ಮಕ್ಕಳು ಹೊರಗಿನವರ ಮುಂದೆ ಬಾಯಿ ಬಿಡಲ್ಲ, ಆ ಹೆದರಿಕೆ ಹೋದರೆ ಸಾಕು, ನೀವು ಒಂದಿಷ್ಟು ಥಾಯ್ ಕಲಿತರೆ ಅವರೂ ಬೇಗ ಕಲೀತಾರೆ, ಅಂತ.

ಅವಳು ಆ ಪತ್ರವನ್ನ ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳಿದಳಂತೆ. ಅಜ್ಜ ಎಲ್ಲ ಕೇಳಿ, "ಇದು ನಮ್ಮ ಸಾಲಿ ಆತಲ್ಲ" ಅಂದರಂತೆ.

ಕಾಗದಪತ್ರ ಇನ್ನೂ ಓಡಾಡ್ತಾ ಇದೆ. ತಂಗಿ ಈಗ ದಿನಾ ರಾತ್ರಿ ಫೋನಿನಲ್ಲಿ ಥಾಯ್ ಅಕ್ಷರ ತಿದ್ದುತ್ತಿದ್ದಾಳೆ. ಪಕ್ಕದಲ್ಲಿ ಅಜ್ಜ ಕನ್ನಡಕ ಹಾಕಿಕೊಂಡು ಕೂತು, ಗೆರೆ ಸೊಟ್ಟ ಆತು ಅಂತ ತಪ್ಪು ಹುಡುಕುತ್ತಾರೆ. ಅವರಿಗೆ ಥಾಯ್ ಒಂದಕ್ಷರ ಬರಲ್ಲ.